ಸ್ಮೂತನಿಂಗ್ ಬಿಟ್ಟು ಸಹಜ ಕೂದಲಿಗೆ ಮರಳುವುದು: ಯಾರಿಗೆ ಯಾವ ದಾರಿ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಬ್ಯೂಟಿ ಪಾರ್ಲರುಗಳ ದರಪಟ್ಟಿ ನೋಡಿದರೆ ಸ್ಟ್ರೈಟನಿಂಗ್, ಸ್ಮೂತನಿಂಗ್, ರೀಬಾಂಡಿಂಗ್, ಕೆರಾಟಿನ್, ಬೊಟಾಕ್ಸ್ ಎಂಬ ಹೆಸರುಗಳು ಸಾಲಾಗಿ ಕಾಣುತ್ತವೆ. ಮದುವೆಗೆ ಮುನ್ನವೋ ಕೆಲಸಕ್ಕೆ ಸೇರುವ ಹೊತ್ತಿಗೋ ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡು, ಆಮೇಲೆ ವರ್ಷವರ್ಷವೂ ಬುಡಕ್ಕೆ ಟಚ್‌ಅಪ್ ಹಾಕಿಸುತ್ತ ಬಂದವರಲ್ಲಿ ಅನೇಕರು ಈಗ ಅದನ್ನು ನಿಲ್ಲಿಸಲು ಬಯಸುತ್ತಿದ್ದಾರೆ. ಕಾರಣ ಒಬ್ಬೊಬ್ಬರದು ಒಂದೊಂದು: ಕೆಲವರಿಗೆ ಖರ್ಚು, ಕೆಲವರಿಗೆ ತುದಿ ಸೀಳಿ ಉದುರುವ ಕೂದಲು, ಕೆಲವರಿಗೆ ಬಸಿರು ಬಾಣಂತನದ ಯೋಚನೆ, ಇನ್ನು ಕೆಲವರಿಗೆ ಆರೋಗ್ಯದ ಆತಂಕ. ಆದರೆ ನಿಲ್ಲಿಸಬೇಕೆಂದು ತೀರ್ಮಾನಿಸಿದ ಮೇಲೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ಒಂದೇ ಸಲ ಕತ್ತರಿಸಿಬಿಡುವುದೇ, ಸ್ವಲ್ಪಸ್ವಲ್ಪವಾಗಿ ತೆಗೆಸುತ್ತ ಬರುವುದೇ, ಮುಡಿ ಕೊಟ್ಟು ಹೊಸದಾಗಿ ಶುರು ಮಾಡುವುದೇ, ಅಥವಾ ಬೆಳೆಯುವವರೆಗೆ ಕೆರಾಟಿನ್ ಹಾಕಿಸಿ ಮುಚ್ಚಿಡುವುದೇ? ಈ ನಾಲ್ಕರ ಲಾಭನಷ್ಟಗಳನ್ನು ತೂಗುವುದು ಈ ಬರಹದ ಉದ್ದೇಶ.

ಮೊದಲು ತಿಳಿಯಬೇಕಾದದ್ದು: ಕೂದಲಿಗೆ ಏನು ಮಾಡಿಸಿದ್ದೀರಿ

ಪಾರ್ಲರಿನಲ್ಲಿ ಹೇಳಿದ ಹೆಸರನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಒಂದೇ ಹೆಸರಿನಲ್ಲಿ ಬೇರೆಬೇರೆ ಔಷಧಿಗಳನ್ನು ಹಚ್ಚುವುದುಂಟು. ಸ್ಥೂಲವಾಗಿ ಇವನ್ನು ಎರಡು ಗುಂಪು ಮಾಡಬಹುದು. ರೀಬಾಂಡಿಂಗ್ ಮತ್ತು ಬಹುಪಾಲು ಸ್ಮೂತನಿಂಗ್‌ನಲ್ಲಿ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕವು ಕೂದಲಿನೊಳಗಿನ ಪ್ರೋಟೀನನ್ನು ಹಿಡಿದಿಡುವ ಗಂಧಕದ ಕೊಂಡಿಗಳನ್ನು ಬಿಚ್ಚುತ್ತದೆ. ಬಿಸಿ ಇಸ್ತ್ರಿಯಿಂದ ಎಳೆಯನ್ನು ನೇರಗೊಳಿಸಿದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಆ ಕೊಂಡಿಗಳನ್ನು ಹೊಸ ಜಾಗದಲ್ಲಿ ಮತ್ತೆ ಬೆಸೆಯುತ್ತದೆ. ಅಮೆರಿಕದ ಕಪ್ಪು ಜನಾಂಗದ ಹೆಂಗಸರು ತಲೆಮಾರುಗಳಿಂದ ಬಳಸಿದ, ರಿಲ್ಯಾಕ್ಸರ್ ಎಂದು ಕರೆಯುವ ಸೋಡಿಯಂ ಹೈಡ್ರಾಕ್ಸೈಡ್ ಮಾದರಿಯದು ಇದಕ್ಕಿಂತ ತೀಕ್ಷ್ಣ. ಎರಡರಲ್ಲೂ ಆದ ಬದಲಾವಣೆ ಶಾಶ್ವತ. ಎಣ್ಣೆ, ಮೊಸರು, ಮೆಂತ್ಯ, ದುಬಾರಿ ಸೀರಮ್, ಯಾವುದನ್ನು ಹಚ್ಚಿದರೂ ನೇರವಾದ ಎಳೆ ಮತ್ತೆ ಸುರುಳಿಯಾಗುವುದಿಲ್ಲ. ಬುಡದಿಂದ ಹೊಸದಾಗಿ ಹುಟ್ಟುವ ಕೂದಲು ಮಾತ್ರ ಸಹಜವಾಗಿರುತ್ತದೆ.

ಕೆರಾಟಿನ್ ಮತ್ತು ಅದರ ನೆಂಟರದು ಎರಡನೆಯ ಗುಂಪು. ಇವು ಎಳೆಯ ಮೇಲೆ ಲೇಪದಂತೆ ಕೂತು ಕೆಲವು ತಿಂಗಳ ಸ್ನಾನಗಳಲ್ಲಿ ಕರಗಿಹೋಗುತ್ತವೆ. ಕೇವಲ ಕೆರಾಟಿನ್ ಮಾಡಿಸಿದವರು ಗಾಬರಿಯಿಂದ ಕತ್ತರಿ ಹಿಡಿಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮತ್ತೆ ಹಾಕಿಸದೆ ಆರು ತಿಂಗಳು ತಾಳಿದರೆ ಬಹುಪಾಲು ತಾನಾಗಿಯೇ ಹಳೆಯ ಸ್ಥಿತಿಗೆ ಬರುತ್ತದೆ.

ಯಾವುದು ಆಗಿದೆಯೆಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಕೊನೆಯ ಸಲ ಮಾಡಿಸಿ ನಾಲ್ಕೈದು ತಿಂಗಳಾದ ಮೇಲೆ, ಎಣ್ಣೆಯಿಲ್ಲದ ಕೂದಲನ್ನು ಪೂರ್ತಿ ಒದ್ದೆ ಮಾಡಿ, ಕಿವಿಯ ಹಿಂದಿನಿಂದ ಒಂದು ಸಣ್ಣ ಜೊಂಪೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಬುಡದ ಎರಡು ಇಂಚು ಬಳುಕಿ, ಅಲ್ಲಿಂದ ಮುಂದೆ ಥಟ್ಟನೆ ನೇರವಾಗಿದ್ದರೆ ಅದು ಶಾಶ್ವತ ಚಿಕಿತ್ಸೆ. ಬಳುಕು ಉದ್ದಕ್ಕೂ ಅಲ್ಲಲ್ಲಿ ಮರಳುತ್ತಿದ್ದರೆ ಅದು ಕರಗುವ ಜಾತಿಯದು. ಬೆರಳುಗಳ ನಡುವೆ ಆ ಎಳೆಯನ್ನು ಬುಡದಿಂದ ತುದಿಗೆ ಜಾರಿಸಿದಾಗ ದಪ್ಪ ಬದಲಾಗುವ ಒಂದು ಜಾಗ ಸಿಗುತ್ತದೆ. ಅದನ್ನು ಇಲ್ಲಿ ಸಂಧಿ ಎಂದು ಕರೆಯೋಣ. ಬಲವಾದ ಹೊಸ ಕೂದಲು ಮತ್ತು ಬಲಗುಂದಿದ ಹಳೆಯ ಕೂದಲು ಕೂಡುವ ಜಾಗ ಅದು. ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಮುಂದೆ ಹೇಳುವುದೆಲ್ಲ ಈ ಸಂಧಿಯ ಸುತ್ತಲೇ ಇದೆ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಇಂಚು, ವರ್ಷಕ್ಕೆ ಸುಮಾರು 6 ಇಂಚು ಬೆಳೆಯುತ್ತದೆ. ಹೆಗಲು ಮುಟ್ಟುವ ಸಹಜ ಕೂದಲಿಗೆ ಎರಡು ವರ್ಷ, ಸೊಂಟದವರೆಗಿನ ಜಡೆಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಬೇಕೆಂಬುದು ಇದರಿಂದಲೇ ಹೊರಡುವ ಲೆಕ್ಕ. ಗುಂಗುರು ಕೂದಲಾದರೆ ಒಣಗಿದಾಗ ಮೇಲಕ್ಕೆ ಸುತ್ತಿಕೊಳ್ಳುವುದರಿಂದ ಕಾಣುವ ಉದ್ದ ಇನ್ನೂ ಕಡಿಮೆ. ಈ ವೇಗವನ್ನು ಯಾವ ದಾರಿಯೂ ಹೆಚ್ಚಿಸುವುದಿಲ್ಲ. ಹಾಗಾಗಿ ನಾಲ್ಕು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಎರಡು ಬಗೆಯ ಕೂದಲನ್ನು ಒಂದೇ ತಲೆಯಲ್ಲಿ ಎಷ್ಟು ಕಾಲ ಸಾಕಬೇಕು ಎಂಬುದರಲ್ಲಿ.

ಈ ಕಾರಣಕ್ಕೆ ಮೊದಲ ಅಳತೆಗೋಲು ನಿಮ್ಮ ಸಹಜ ಕೂದಲಿನ ಬಗೆ. ಬರೀ ಅಲೆಯಲೆಯಾಗಿದ್ದರೆ ಹಳತಕ್ಕೂ ಹೊಸತಕ್ಕೂ ಅಂತರ ಸಣ್ಣದು. ಬೆರಳಿನ ಸುತ್ತಳತೆಯ ಬಿಗಿ ಸುರುಳಿಯಾಗಿದ್ದರೆ ಅಂತರ ದೊಡ್ಡದು, ಸಂಧಿಯ ಮೇಲೆ ಬೀಳುವ ಎಳೆತವೂ ದೊಡ್ಡದು. ಗುಂಗುರು ಹೆಚ್ಚಿದಷ್ಟೂ ಕಾಯುವ ಅವಧಿ ಕಡಿಮೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ವಾಸ್ತವದಲ್ಲಿ ಆಗುವುದು ಇದಕ್ಕೆ ತಿರುಗಾಮುರುಗಾ: ಬಿಗಿ ಗುಂಗುರಿನವರೇ ಗಿಡ್ಡ ಕೂದಲಿಗೆ ಹೆದರಿ ವರ್ಷಗಟ್ಟಲೆ ಎಳೆಯುತ್ತಾರೆ, ಅಲೆಗೂದಲಿನವರು ಉತ್ಸಾಹದಲ್ಲಿ ಕತ್ತರಿಸಿಬಿಡುತ್ತಾರೆ.

ಎರಡನೆಯದು ಊರಿನ ಹವೆ ಮತ್ತು ನೀರು. ನಮ್ಮ ಎರಡು ಜಿಲ್ಲೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿಯೇ ನೀರಿರುತ್ತದೆ. ಹೊಸ ಗುಂಗುರು ಅದನ್ನು ಹೀರಿ ಉಬ್ಬುತ್ತದೆ, ಕೆಳಗಿನ ನೇರ ಕೂದಲು ಚಪ್ಪಟೆಯಾಗಿಯೇ ಉಳಿಯುತ್ತದೆ, ಹಾಗಾಗಿ ಎರಡರ ವ್ಯತ್ಯಾಸ ಮಳೆಗಾಲದಲ್ಲಿ ಎದ್ದು ಕಾಣುತ್ತದೆ. ಅರಸೀಕೆರೆ, ಕಡೂರು ಕಡೆ ಹವೆ ಒಣ, ಬೋರ್‌ವೆಲ್ ನೀರು ಗಡಸು. ಅಲ್ಲಿ ಉಬ್ಬುವುದು ಕಡಿಮೆ, ಆದರೆ ನೀರಿನ ಲವಣ ಕೂತು ಎಳೆ ಒರಟಾಗಿ ಸಿಕ್ಕು ಹೆಚ್ಚುತ್ತದೆ. ಹೇಮಾವತಿಯ ನೀರು ಬರುವ ಹಾಸನ ನಗರ, ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರು ಬರುವ ಚಿಕ್ಕಮಗಳೂರು ನಗರಗಳಲ್ಲಿ ಇವೆರಡೂ ಅಷ್ಟು ತೀವ್ರವಲ್ಲ.

ಉಳಿದ ಅಳತೆಗೋಲುಗಳನ್ನು ವಿವರಿಸಬೇಕಿಲ್ಲ: ಕೈಯಲ್ಲಿರುವ ಹಣ, ಬೆಳಗಿನ ಹೊತ್ತು ತಲೆಗೆ ಕೊಡಬಲ್ಲ ಸಮಯ, ಮುಂದಿನ ವರ್ಷದಲ್ಲಿ ಮದುವೆಯಂಥ ಸಮಾರಂಭವಿದೆಯೇ ಎಂಬುದು, ಮತ್ತು ಮನೆಯ ಹಿರಿಯರ ಮಾತನ್ನು ನೀವು ಎಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂಬುದು. ಕೊನೆಯದನ್ನು ಹಗುರವಾಗಿ ಹೇಳುತ್ತಿಲ್ಲ. ಮುತ್ತೈದೆಯ ಕೂದಲು ಗಿಡ್ಡವಾದರೆ ಮಾತಾಡುವ ಮನೆಗಳು ಇನ್ನೂ ಇವೆ, ಅಲ್ಲಿ ಬಾಳುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಒಂದೇ ಸಲ ಕತ್ತರಿಸುವುದು

ಬುಡದಲ್ಲಿ ಮೂರು ನಾಲ್ಕು ಇಂಚು ಹೊಸ ಕೂದಲು ಬಂದ ಮೇಲೆ ಸಂಧಿಯ ಮೇಲ್ಗಡೆಗೆ ಕತ್ತರಿ ಹಾಕಿ, ನೇರವಾದ ಭಾಗವನ್ನೆಲ್ಲ ತೆಗೆಸುವ ದಾರಿಯಿದು. ಟಚ್‌ಅಪ್ ನಿಲ್ಲಿಸಿ ಏಳೆಂಟು ತಿಂಗಳು ತಾಳಿದರೆ ಬಾಯ್‌ಕಟ್‌ಗಿಂತ ತುಸು ಉದ್ದದ ಕೂದಲು ಉಳಿಯುತ್ತದೆ. ಖರ್ಚು ನೂರರ ಲೆಕ್ಕದ್ದು, ಶ್ರಮ ಅತಿ ಕಡಿಮೆ, ಮತ್ತು ಒಂದೇ ದಿನದಲ್ಲಿ ಎರಡು ಬಗೆಯ ಕೂದಲಿನ ಕಾಟ ಮುಗಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದರ ಬೆಲೆ ತಿಳಿಯುತ್ತದೆ: ಉದ್ದ ಕೂದಲು ತೊಳೆದರೆ ದಿನವಿಡೀ ಒಣಗದೆ, ನೆತ್ತಿ ತಂಪಾಗಿಯೇ ಉಳಿದು ಹೊಟ್ಟು, ತುರಿಕೆ ಶುರುವಾಗುವ ಕಡೆ, ಗಿಡ್ಡ ಕೂದಲು ಟವೆಲ್ಲಿನಲ್ಲಿ ಒತ್ತಿದ ಸ್ವಲ್ಪ ಹೊತ್ತಿಗೆಲ್ಲ ಆರುತ್ತದೆ.

ಇದರ ನಷ್ಟವೂ ಸಣ್ಣದಲ್ಲ. ಜಡೆ ಇಲ್ಲ, ತುರುಬು ಇಲ್ಲ, ಹೂ ಮುಡಿಯಲು ಜಾಗವಿಲ್ಲ. ಮುಖ ಬೇರೆಯಾಗಿಯೇ ಕಾಣುತ್ತದೆ. ನಡುವೆ ಒಂದು ಹಂತದಲ್ಲಿ, ಕಿವಿಯ ಕೆಳಗೆ ಕುತ್ತಿಗೆಯ ಮೇಲೆ ಕೂದಲು ನಿಲ್ಲುವಾಗ, ಕ್ಲಿಪ್ಪಿಗೂ ಸಿಗದೆ ಬಿಟ್ಟರೂ ನಿಲ್ಲದೆ ಬೇಸರ ತರಿಸುತ್ತದೆ. ಆ ನಾಲ್ಕೈದು ತಿಂಗಳಿಗೆ ಅಗಲದ ಹೇರ್‌ಬ್ಯಾಂಡ್ ಮತ್ತು ಸಣ್ಣ ಪಿನ್ನುಗಳೇ ಗತಿ. ಹಬ್ಬಹರಿದಿನಕ್ಕೆ ಚೌರಿ ಕಟ್ಟಿಕೊಳ್ಳುವವರಿದ್ದಾರೆ, ಆದರೆ ಚೌರಿ ನಿಲ್ಲಲು ಕನಿಷ್ಠ ಒಂದು ಪುಟ್ಟ ಗಂಟು ಹಾಕುವಷ್ಟು ಕೂದಲು ಬೇಕು.

ಬಿಗಿ ಗುಂಗುರಿನವರು, ಮಲೆನಾಡಿನಲ್ಲಿ ಇರುವವರು, ಹಾಸ್ಟೆಲಿನಲ್ಲಿದ್ದು ಬೆಳಗ್ಗೆ ಸಮಯವಿಲ್ಲದ ವಿದ್ಯಾರ್ಥಿನಿಯರು, ಗಾರ್ಮೆಂಟ್ಸ್ ಅಥವಾ ಆಸ್ಪತ್ರೆಯ ಪಾಳಿಯಲ್ಲಿ ತಲೆಗೆ ಟೋಪಿ ಹಾಕಿ ಕೆಲಸ ಮಾಡುವವರು ಇವರೆಲ್ಲರಿಗೂ ನಾನು ಮೊದಲು ಸೂಚಿಸುವುದು ಇದನ್ನೇ.

ಹಂತಹಂತವಾಗಿ ತೆಗೆಸುವುದು

ಇದರಲ್ಲಿ ಮೊದಲಿಗೇ ಹೆಗಲಿನ ಮಟ್ಟಕ್ಕೆ ತಂದು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಒಂದೆರಡು ಇಂಚು ತೆಗೆಸುತ್ತ ಹೋಗುವುದು ವಾಡಿಕೆ. ಮೇಲೆ ಅರ್ಧರ್ಧ ಇಂಚು ಬೆಳೆಯುತ್ತದೆ, ಕೆಳಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ನೇರ ಭಾಗ ಪೂರ್ತಿ ಮುಗಿದು ಗಲ್ಲದ ಕೆಳಗಿನ ಉದ್ದದ ಸಹಜ ಕೂದಲು ಉಳಿಯುತ್ತದೆ. ಯಾವ ದಿನವೂ ಕನ್ನಡಿಯಲ್ಲಿ ಅಪರಿಚಿತರು ಕಾಣುವುದಿಲ್ಲ, ಯಾರೂ ಏನಾಯಿತೆಂದು ಕೇಳುವುದಿಲ್ಲ. ಶಿಕ್ಷಕಿಯರು, ಬ್ಯಾಂಕ್ ಕೌಂಟರಿನಲ್ಲಿ ಕೂರುವವರು, ಕೂಡುಕುಟುಂಬದಲ್ಲಿ ಇರುವವರು ಇದನ್ನು ಆರಿಸುವುದಕ್ಕೆ ಈ ನೆಮ್ಮದಿಯೇ ಕಾರಣ, ಮತ್ತು ಅದು ಸರಿಯಾದ ಕಾರಣವೇ.

ಆದರೆ ಇದು ಅಗ್ಗವೆಂಬ ನಂಬಿಕೆ ತಪ್ಪು. ಪ್ರತಿ ಸಲದ ಕಟಿಂಗ್, ಸಂಧಿಯನ್ನು ಮೆತ್ತಗಿಡಲು ಬೇಕಾಗುವ ಕಂಡಿಷನರ್, ಅದಕ್ಕಿಂತ ಮುಖ್ಯವಾಗಿ ನಿಮ್ಮ ಸಮಯ, ಇವನ್ನು ಕೂಡಿಸಿದರೆ ಒಂದೇ ಸಲ ಕತ್ತರಿಸುವುದಕ್ಕಿಂತ ಹಲವು ಪಟ್ಟಾಗುತ್ತದೆ. ಸಿಕ್ಕು ಬಿಡಿಸುವುದೇ ಒಂದು ಕೆಲಸ. ಕಂಡಿಷನರ್ ಹಚ್ಚಿದ ಒದ್ದೆ ಕೂದಲನ್ನು ನಾಲ್ಕು ಭಾಗ ಮಾಡಿಕೊಂಡು, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಸಂಧಿಯ ಹತ್ತಿರ ಬಂದಾಗ ಅದರ ಮೇಲ್ಗಡೆ ಎರಡು ಬೆರಳಿನಿಂದ ಜೊಂಪೆಯನ್ನು ಹಿಡಿದುಕೊಂಡರೆ ಎಳೆತ ಅಲ್ಲಿಗೇ ನಿಲ್ಲುತ್ತದೆ. ಬೆಳಗಿನ ಅವಸರದಲ್ಲಿ ಬುಡದಿಂದ ಒಂದೇ ಎಳೆತಕ್ಕೆ ಬಾಚಿದರೆ ನೆಲದ ಮೇಲೆ ಬೀಳುವ ತುಂಡುಗಳಲ್ಲಿ ಬೇರಿನ ಬಿಳಿ ತುದಿ ಇರುವುದಿಲ್ಲ. ಅವು ಉದುರಿದ ಕೂದಲಲ್ಲ, ಮುರಿದ ಕೂದಲು.

ಈ ದಾರಿಯಲ್ಲಿ ದಿನನಿತ್ಯ ಹೇಗಿರಬೇಕೆಂಬುದಕ್ಕೆ ನಮ್ಮ ಹಳೆಯ ಸಡಿಲ ಜಡೆಯೇ ಉತ್ತಮ ಉತ್ತರ. ಒದ್ದೆಯಿರುವಾಗಲೇ ಎರಡು ಜಡೆ ಹೆಣೆದು ರಾತ್ರಿಯಿಡೀ ಬಿಟ್ಟರೆ ನೇರ ಭಾಗಕ್ಕೂ ತಾತ್ಕಾಲಿಕವಾಗಿ ಅಲೆ ಬಂದು ಎರಡೂ ಒಂದೇ ರೀತಿ ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ಒದ್ದೆ ಜಡೆ ಬೇಡ. ಮುಕ್ಕಾಲು ಭಾಗ ಆರಿದ ಮೇಲೆ ಹೆಣೆಯಬೇಕು. ನೆತ್ತಿ ಎಳೆಯುವಂತೆ ಬಿಗಿಯಾಗಿ ಕಟ್ಟುವುದೂ ಬೇಡ, ವರ್ಷಗಟ್ಟಲೆ ಹಾಗೆ ಕಟ್ಟಿದರೆ ಹಣೆಯ ಅಂಚಿನ ಕೂದಲು ಹಿಂದೆ ಸರಿದು ಮತ್ತೆ ಬಾರದೆಯೂ ಹೋಗಬಹುದು. ದಿನಾ ಇಸ್ತ್ರಿ ಹಾಕಿ ಬುಡವನ್ನು ನೇರ ಮಾಡಿಕೊಳ್ಳುವ ಉಪಾಯ ಅನೇಕರಿಗೆ ಹೊಳೆಯುತ್ತದೆ. ಅದು ಹೊಸ ಕೂದಲನ್ನೂ ಸುಟ್ಟು ಕಾಯ್ದ ತಿಂಗಳುಗಳನ್ನು ವ್ಯರ್ಥ ಮಾಡುತ್ತದೆ.

ಅಲೆಗೂದಲಿನವರಿಗೆ ಇದು ನಿಸ್ಸಂದೇಹವಾಗಿ ಅತ್ಯುತ್ತಮ. ಬಿಗಿ ಗುಂಗುರಿನವರು ಇದನ್ನೇ ಆರಿಸುವುದಾದರೆ ಒಂದು ವರ್ಷಕ್ಕೆ ಮುಗಿಸುವಂತೆ ಪ್ರತಿ ಸಲ ಹೆಚ್ಚು ತೆಗೆಸಬೇಕು. ಸೊಂಟದ ಉದ್ದವನ್ನು ಹಾಗೆಯೇ ಇಟ್ಟುಕೊಂಡು ಬರೀ ಬುಡ ಬೆಳೆಯಲು ಬಿಡುವ ಪದ್ಧತಿಯನ್ನು ಯಾರಿಗೂ ಸೂಚಿಸಲಾರೆ, ಏಕೆಂದರೆ ಆ ಭಾರವೆಲ್ಲ ಸಂಧಿಯ ಮೇಲೆ ಜೋತುಬಿದ್ದಿರುತ್ತದೆ.

ಮುಡಿ ಕೊಡುವುದು

ಹರಕೆಯಿದ್ದವರಿಗೆ ಇದು ಸಹಜವಾದ ದಾರಿ. ತಿರುಪತಿಯ ಕಲ್ಯಾಣಕಟ್ಟೆಯಲ್ಲಿ ಮುಡಿ ತೆಗೆಯುವುದಕ್ಕೆ ಶುಲ್ಕವಿಲ್ಲ, ಮುಡಿ ಕೊಟ್ಟು ಬಂದ ಹೆಂಗಸನ್ನು ನಮ್ಮ ಊರುಗಳಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ಬಾಯ್‌ಕಟ್‌ಗೆ ಮುಖ ಗಂಟಿಕ್ಕುವ ಅತ್ತೆಯೇ ಮುಡಿಗೆ ಜೊತೆಯಾಗಿ ಹೊರಡುತ್ತಾರೆ ಎಂಬುದನ್ನು ನಗುತ್ತಲೇ ಗಮನಿಸಬೇಕು. ರಾಸಾಯನಿಕ ತಾಗಿದ ಎಳೆ ಒಂದೂ ಉಳಿಯುವುದಿಲ್ಲ, ಕಾಯುವ ಅಗತ್ಯವೂ ಇಲ್ಲ, ಕೊನೆಯ ಟಚ್‌ಅಪ್ ಆದ ಮರುವಾರವೇ ಕೊಡಬಹುದು.

ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ಮಾತು ಮಾತ್ರ ನಿಜವಲ್ಲ. ಎಳೆಯ ದಪ್ಪವನ್ನೂ ಸುರುಳಿಯನ್ನೂ ನಿರ್ಧರಿಸುವುದು ಚರ್ಮದೊಳಗಿನ ಬೇರು, ಅದಕ್ಕೆ ಮೇಲಿನ ಕ್ಷೌರದ ಪರಿವೆಯೇ ಇಲ್ಲ. ಮುಡಿಯ ನಂತರ ಗಿಡ್ಡ ಕೂದಲಿನ ಹಂತ ತಲುಪುವುದಕ್ಕೇ ಆರೇಳು ತಿಂಗಳು ಬೇಕು. ಅಂದರೆ ಒಂದೇ ಸಲ ಕತ್ತರಿಸುವವರು ಉದ್ದ ಕೂದಲಿಟ್ಟುಕೊಂಡು ಕಾಯುವ ಅವಧಿಯನ್ನು ಇವರು ಬೋಳುತಲೆಯಲ್ಲಿ ಕಾಯುತ್ತಾರೆ, ಅಷ್ಟೇ ವ್ಯತ್ಯಾಸ. ಹರಕೆಯಿಲ್ಲದವರಿಗೆ ಕೂದಲಿನ ದೃಷ್ಟಿಯಿಂದ ಇದರಲ್ಲಿ ವಿಶೇಷ ಲಾಭವಿಲ್ಲ. ಕೂದಲು ಎಲ್ಲೆಂದರಲ್ಲಿ ಮುರಿದು ಕತ್ತರಿಗೂ ಸರಿಹೋಗದಂತೆ ಆಗಿದ್ದರೆ ಆ ಮಾತು ಬೇರೆ.

ಕೆರಾಟಿನ್ ಹಾಕಿಸಿ ಮುಚ್ಚಿಡುವುದು

ಪಾರ್ಲರಿನವರು ಹೆಚ್ಚಾಗಿ ಸೂಚಿಸುವುದು ಇದನ್ನೇ. ಬುಡದ ಗುಂಗುರು ತಗ್ಗಿ ಎರಡೂ ಕೂದಲು ಹೊಂದಿಕೊಂಡಂತೆ ಕಾಣುವುದು ನಿಜ, ಸಿಕ್ಕು ಕಡಿಮೆಯಾಗುವುದೂ ನಿಜ. ಆದರೆ ಕೆಲವು ತಿಂಗಳಿಗೊಮ್ಮೆ ಸಾವಿರಗಳ ಲೆಕ್ಕದಲ್ಲಿ ಕೊಡುತ್ತಲೇ ಇರಬೇಕು, ಪ್ರತಿ ಸಲವೂ ಹೊಸ ಕೂದಲಿಗೆ ಬಿಸಿ ಇಸ್ತ್ರಿ ತಾಗುತ್ತದೆ, ಮತ್ತು ನಿಮ್ಮ ಸಹಜ ಕೂದಲು ಹೇಗಿದೆಯೆಂಬುದು ನಿಮಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಆರೋಗ್ಯದ ಮಾತನ್ನು ಇಲ್ಲಿ ಹೇಳಲೇಬೇಕು. ಹಲವು ಕೆರಾಟಿನ್ ಉತ್ಪನ್ನಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಫಾರ್ಮಾಲ್ಡಿಹೈಡ್ ಇಲ್ಲವೆಂದು ಮಾರುವ ಉತ್ಪನ್ನಗಳಲ್ಲಿ ಕೆಲವು ಗ್ಲೈಆಕ್ಸಿಲಿಕ್ ಆಮ್ಲವನ್ನು ಬಳಸುತ್ತವೆ. ಇಂಥ ಚಿಕಿತ್ಸೆ ಮಾಡಿಸಿದ ಮೂರು ಸಲವೂ ಮೂತ್ರಪಿಂಡಕ್ಕೆ ಹಠಾತ್ ಹಾನಿಯಾದ ಯುವತಿಯೊಬ್ಬಳ ಪ್ರಕರಣವನ್ನು 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಒಂದು ಪ್ರಕರಣದಿಂದ ಎಲ್ಲರಿಗೂ ಹೀಗಾಗುತ್ತದೆಂದು ಹೇಳಲಾಗದು, ಆದರೆ ಮೂತ್ರಪಿಂಡದ ತೊಂದರೆಯಿರುವವರು ಮತ್ತು ಗರ್ಭಿಣಿಯರು ಇದರಿಂದ ದೂರವಿರುವುದು ಒಳಿತು. ಸ್ಟ್ರೈಟನರ್‌ಗಳ ಬಗ್ಗೆ ಅಮೆರಿಕದಲ್ಲಿ ನಡೆದ, 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನವೂ 2022ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ, ಇವನ್ನು ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64 ಆದರೆ, ಪದೇಪದೇ ಬಳಸಿದವರಲ್ಲಿ ಶೇ. 4.05. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ, ಯಾವ ಬ್ರಾಂಡ್ ಎಂಬುದನ್ನೂ ಅವರು ಕೇಳಿರಲಿಲ್ಲ. ಆದರೂ ಒಂದು ರಾಸಾಯನಿಕವನ್ನು ಬಿಡಲು ಹೊರಟವರು ಇನ್ನೊಂದರ ಆಸರೆ ಹಿಡಿಯುವುದರಲ್ಲಿ ಅರ್ಥ ಕಾಣುವುದಿಲ್ಲ.

ಹತ್ತಿರದಲ್ಲಿ ಮದುವೆಯಿದ್ದು, ಆ ಒಂದು ಸಮಾರಂಭಕ್ಕೆ ಮಾತ್ರ ಕೂದಲು ಒಂದೇ ರೀತಿ ಕಾಣಬೇಕೆನ್ನುವವರು ಅಂದಿನ ಮಟ್ಟಿಗೆ ಜಡೆ ಹಾಕಿಸಿ ಮೊಗ್ಗಿನ ಜಲ್ಲೆ ಕಟ್ಟಿಸಿಕೊಂಡರೆ ಸಾಕು. ಎರಡು ಬಗೆಯ ಕೂದಲು ಅದರಡಿ ಯಾರಿಗೂ ಕಾಣುವುದಿಲ್ಲ.

ಯಾವ ದಾರಿಗಾದರೂ ಬೇಕಾದ ಆರೈಕೆ

ಮಲೆನಾಡಿನ ಮನೆಗಳಲ್ಲಿ ದಾಸವಾಳದ ಸೊಪ್ಪಿನಿಂದಲೋ ಮತ್ತಿ ಸೊಪ್ಪಿನಿಂದಲೋ ಮಾಡುವ ಗೊಂಪು ಸಂಧಿಯಿರುವ ಕೂದಲಿಗೆ ಹೇಳಿಮಾಡಿಸಿದ್ದು. ಎಲೆಯನ್ನು ನೀರಿನಲ್ಲಿ ಕಿವುಚಿ ಬಂದ ಲೋಳೆಯನ್ನು ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಸೊಪ್ಪಿನ ಚೂರು ಗುಂಗುರಿನೊಳಗೆ ಸಿಕ್ಕಿ ಒಂದೊಂದಾಗಿ ಆರಿಸುವ ಕೆಲಸವಾಗುತ್ತದೆ. ಬಯಲುಸೀಮೆಯಲ್ಲಿ ಇರುವವರಿಗೆ ಕುದಿಸಿ ಸೋಸಿದ ಅಗಸೆ ಬೀಜದ ಲೋಳೆ ಅಷ್ಟೇ ಕೆಲಸ ಮಾಡುತ್ತದೆ, ಖರ್ಚೂ ಅತ್ಯಲ್ಪ. ಸೀಗೆಕಾಯಿಯನ್ನು ಪದೇಪದೇ ಬಳಸಿದರೆ ಒಣಗಿದ ಹಳೆಯ ಭಾಗ ಇನ್ನಷ್ಟು ಒರಟಾಗುತ್ತದೆ, ನೆತ್ತಿಗೆ ಮಾತ್ರ ಹಚ್ಚುವುದು ಮೇಲು. ತೊಳೆಯುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ರೂಢಿಗೆ ಆಧಾರವಿದೆ: ಅದು ಎಳೆಯೊಳಗೆ ಇಳಿದು ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದನ್ನು ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಯವರೇ ಎಂಬುದನ್ನೂ ಓದುಗರು ತಿಳಿದಿರಲಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಕೊನೆಯ ಒಂದೆರಡು ಚೊಂಬಿಗೆ ಮಳೆನೀರನ್ನೋ ಫಿಲ್ಟರ್ ನೀರನ್ನೋ ಬಳಸಿದರೆ ಒರಟುತನ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಬಾಣಂತನದ ಮೂರು ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ, ಅದನ್ನು ಸಂಧಿಯ ಮುರಿತವೆಂದು ತಿಳಿದು ಹೆದರಬೇಕಿಲ್ಲ. ಆದರೆ ನೆತ್ತಿಯಲ್ಲಿ ನಾಣ್ಯದಗಲದ ಬೋಳು, ಗಾಯ, ಕೀವು ಕಂಡರೆ ಪಾರ್ಲರಿಗಲ್ಲ, ಹಾಸನದ ಹಿಮ್ಸ್‌ನಂಥ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು.

ಕತ್ತರಿಸುವ ಎರಡು ದಾರಿಗಳಲ್ಲಿ ಯಾವುದನ್ನು ಆರಿಸಿದರೂ ಪಾರ್ಲರಿಗೆ ಹೋಗುವ ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ, ಡ್ರೈಯರ್ ಬಳಸದೆ ತಾನಾಗಿ ಒಣಗಲು ಬಿಡಬೇಕು. ಹೆಚ್ಚಿನ ಕಡೆ ಕೂದಲನ್ನು ಒದ್ದೆ ಮಾಡಿ, ಬಾಚಣಿಗೆಯಲ್ಲಿ ಎಳೆದು ಹಿಡಿದು ಕತ್ತರಿಸುವುದು ಅಭ್ಯಾಸ. ಗುಂಗುರನ್ನು ಹಾಗೆ ಕತ್ತರಿಸಿದರೆ ಒಣಗಿದಾಗ ನೀವು ಹೇಳಿದ್ದಕ್ಕಿಂತ ಎರಡು ಇಂಚು ಮೇಲೆ ನಿಂತಿರುತ್ತದೆ. ಒಣ ಕೂದಲಿನಲ್ಲಿಯೇ, ಒಂದೊಂದು ಜೊಂಪೆಯಲ್ಲೂ ಸಂಧಿ ಎಲ್ಲಿದೆಯೆಂದು ನೋಡಿ ಕತ್ತರಿಸಲು ಒಪ್ಪುತ್ತಾರೆಯೇ ಎಂದು ಕೂರುವ ಮುನ್ನವೇ ಕೇಳಿ. ಒಪ್ಪದಿದ್ದರೆ ಬೇರೆ ಪಾರ್ಲರ್ ನೋಡಿ.